ಬಿಡುವುದನ್ನು ಮೊದಲು ಗೊತ್ತುಮಾಡಿರಿ

ಒಕ್ಕಲುತನದ ಮಾತು ಬಂದಲ್ಲೆಲ್ಲ ನಮ್ಮ ಗಡಿಯೂರುಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: “ಈ ವರ್ಷ ಏನ್ ಹಾಕೂಣ್ರಿ ಮಾಸ್ತರ?” ಗುಡಿಯ ಕಟ್ಟೆಯ ಮೇಲೆ, ಸಂತೆಯ ದಾರಿಯಲ್ಲಿ, ಬೀಜದ ಅಂಗಡಿಯ ಮುಂದೆ ಇದೇ ಚರ್ಚೆ. “ಈ ವರ್ಷ ಏನ್ ಬಿಡೂಣ್ರಿ?” ಎಂದು ಕೇಳಿದವರನ್ನು ನಾವು ಕಂಡುದು ಬಹಳ ಕಡಿಮೆ. ಆದರೆ ಮಳೆ ಕಡಿಮೆಯಿರುವ ನಾಡಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಈ ಎರಡನೆಯದೇ ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಬಿಡತಕ್ಕದ್ದನ್ನು ಬಿಟ್ಟ ಮೇಲೆ ಮಾಡತಕ್ಕ ಕೆಲಸ ತಾನಾಗಿಯೇ ಎದುರಿಗೆ ಬಂದು ನಿಲ್ಲುತ್ತದೆ. ಏನನ್ನೂ ಬಿಡಲಾರದೆ ಎಲ್ಲವನ್ನೂ ಹಿಡಿದವನಿಗೆ ಯಾವುದೂ ಪೂರ್ತಿಯಾಗಿ ಕೈಗೆ ಹತ್ತುವುದಿಲ್ಲ.

ನಮ್ಮ ಹಿರಿಯರಿಗೆ ಈ ಪ್ರಶ್ನೆ ಇಷ್ಟು ಕಠಿಣವಾಗಿರಲಿಲ್ಲ. ಎರೆಹೊಲದಲ್ಲಿ ಹಿಂಗಾರಿ ಬಿಳಿಜೋಳ, ಅದರೊಳಗೆ ಕುಸುಬಿಯ ಅಕ್ಕಡಿ, ಮಸಾರಿ ನೆಲದಲ್ಲಿ ಸಜ್ಜೆ ಮತ್ತು ತೊಗರಿ; ಇಷ್ಟರಲ್ಲಿ ಲೆಕ್ಕ ಮುಗಿಯುತ್ತಿತ್ತು. ಇಂದು ಜತ್ತ, ಅಕ್ಕಲಕೋಟೆ ಸೀಮೆಯ ಸಾಧಾರಣ ರೈತನ ಮುಂದೆ ದಾಳಿಂಬೆಯುಂಟು, ದ್ರಾಕ್ಷಿಯುಂಟು, ಕಬ್ಬುಂಟು, ಬಾರೆ, ನುಗ್ಗೆ, ಡ್ರ್ಯಾಗನ್ ಹಣ್ಣು, ಶ್ರೀಗಂಧ, ಕೋಳಿ, ಆಡು ಎಲ್ಲವೂ ಉಂಟು. ಇವುಗಳಲ್ಲಿ ಕೆಟ್ಟದ್ದೆಂಬುದು ಯಾವುದೂ ಇಲ್ಲ. ಒಂದೊಂದನ್ನು ನಂಬಿ ಏಳಿಗೆ ಹೊಂದಿದವರು ಅಲ್ಲಲ್ಲಿ ಇದ್ದಾರೆ. ತೊಡಕು ಇರುವುದು ಒಂದೇ ಮನೆಯವರು ಇವುಗಳಲ್ಲಿ ನಾಲ್ಕೈದನ್ನು ಒಮ್ಮೆಲೇ ಹಿಡಿಯುವುದರಲ್ಲಿ. ಹಾಗೆ ಹಿಡಿದುದರಿಂದ ಹೊಲ ಬೆಳೆಯುವುದಿಲ್ಲ, ಬಾವಿಯ ಸೆಲೆ ಹೆಚ್ಚುವುದಿಲ್ಲ, ದುಡಿಯುವ ಕೈಗಳಂತೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಬೆಳೆಯುವುದು ಸಾಲವೊಂದೇ.

ಜೋಳದ ಸಾಲು ಕಲಿಸುವ ಪಾಠ

ಬಿಡುವುದೂ ಬೇಸಾಯದ ಒಂದು ಭಾಗವೆಂಬ ಮಾತು ಹೊಸದೇನಲ್ಲ. ಪುಣೆಯ ಹತ್ತಿರದ ಮಾಂಜರಿಯಲ್ಲಿ 1923ರಲ್ಲಿ ತಾಮ್ಹಣೆಯವರು ಒಣಬೇಸಾಯದ ಪ್ರಯೋಗಗಳನ್ನು ಆರಂಭಿಸಿದರು. ಕಾನಿಟ್ಕರರು ಅದನ್ನು ಮುಂದುವರಿಸಿದರು. 1933ರಿಂದ 1935ರ ಅವಧಿಯಲ್ಲಿ ಸೊಲ್ಲಾಪುರ, ವಿಜಾಪುರ, ಹಗರಿ, ರಾಯಚೂರು ಮತ್ತು ರೋಹತಕಗಳಲ್ಲಿ ಒಣಬೇಸಾಯದ ಸಂಶೋಧನ ಕೇಂದ್ರಗಳು ನಡೆದವು. ಐದರಲ್ಲಿ ನಾಲ್ಕು ನಮ್ಮ ಕನ್ನಡ ಒಕ್ಕಲಿಗರು ಇರುವ ಸೀಮೆಯವೇ ಎಂಬುದು ಗಮನಿಸತಕ್ಕ ಸಂಗತಿ. ಅಲ್ಲಿಂದ ಹೊರಬಂದ ಮುಂಬಯಿ ಒಣಬೇಸಾಯ ಪದ್ಧತಿಯ ಸಾರ ಹೀಗೆ: ಒಡ್ಡು ಹಾಕಿ ಮಳೆನೀರು ತಡೆಯಿರಿ, ಬೀಜ ಕಡಿಮೆ ಹಾಕಿರಿ, ಸಾಲಿನ ಅಂತರ ಹೆಚ್ಚು ಬಿಡಿರಿ, ಮೇಲಿಂದ ಮೇಲೆ ಎಡೆ ಹೊಡೆಯಿರಿ. ನೋಡಿರಿ, ನಾಲ್ಕರಲ್ಲಿ ಮೂರು ಮಾತು ಕಡಿಮೆ ಮಾಡುವುದರ ಕುರಿತೇ ಇವೆ.

ಇದರ ಕಾರಣ ತೀರ ಸರಳ. ನಮ್ಮ ಭಾಗದ ಸರಾಸರಿ ಮಳೆ ವರ್ಷಕ್ಕೆ ಸುಮಾರು 500ರಿಂದ 600 ಮಿಲಿಮೀಟರು. ಅದರಲ್ಲಿಯೂ ಸೆಪ್ಟೆಂಬರು ದಾಟಿದ ಮೇಲೆ ಮಳೆಯ ಭರವಸೆ ಇರುವುದಿಲ್ಲ. ಹಿಂಗಾರಿ ಜೋಳ ಕುಡಿಯುವುದು ಮೇಲಿನಿಂದ ಬೀಳುವ ನೀರನ್ನಲ್ಲ, ಎರೆಯ ಹೊಟ್ಟೆಯಲ್ಲಿ ಆಗಲೇ ಕೂಡಿರುವ ಹಸಿಯನ್ನು. ಆ ಹಸಿ ಮನೆಯ ಹಗೇವಿನಲ್ಲಿ ತುಂಬಿಟ್ಟ ಕಾಳಿನಂತೆ ಅಳತೆಯದು. ಉಣ್ಣುವ ಬಾಯಿ ಹೆಚ್ಚಾದರೆ ಸುಗ್ಗಿಯವರೆಗೆ ಬಾರದು.

ಲೆಕ್ಕ ಹಾಕಿ ನೋಡೋಣ. ಸಾಲಿನಿಂದ ಸಾಲಿಗೆ ಒಂದೂವರೆ ಅಡಿ, ಸಸಿಯಿಂದ ಸಸಿಗೆ ಅರ್ಧ ಅಡಿ ಬಿಟ್ಟರೆ ಒಂದು ಎಕರೆಯಲ್ಲಿ ಹೆಚ್ಚು ಕಡಿಮೆ 60,000 ಸಸಿಗಳಿಗೆ ಜಾಗವುಂಟು. ನಾವು ಕೂರಿಗೆಯಲ್ಲಿ ಬಿಡುವುದು ಎಕರೆಗೆ ನಾಲ್ಕು ಕಿಲೋ ಬೀಜ. ಅದರಲ್ಲಿ ಲಕ್ಷಕ್ಕೂ ಮಿಕ್ಕಿ ಕಾಳುಗಳಿರುತ್ತವೆ. ಹುಟ್ಟದೆ ಹೋದವು, ಹಕ್ಕಿ ಹುಳು ತಿಂದವು ಕಳೆದರೂ ಮಿಕ್ಕವು ಹೆಚ್ಚೇ. ಆದುದರಿಂದ ಹುಟ್ಟಿದ ಹತ್ತು ಹನ್ನೆರಡು ದಿನಕ್ಕೆ ದಟ್ಟಾದ ಸಸಿಗಳನ್ನು ಕಿತ್ತು ತೆಳುಮಾಡಬೇಕು. ಇಲ್ಲಿಯೇ ನಮ್ಮವರ ಕೈ ನಡುಗುತ್ತದೆ. “ಹಸಿರು ಸಸಿ ಕೀಳಬೇಕಂದ್ರ ಮನಸ್ಸ ಬರೂದಿಲ್ಲ” ಎಂದು ನಮ್ಮ ತಾಯಂದಿರು ಹೇಳುವುದುಂಟು. ಆ ಕರುಣೆ ಒಳ್ಳೆಯದೇ. ಆದರೆ ಅಂದು ಕೀಳದ ಸಸಿ ಹೊಡೆ ಹಾಯುವ ಕಾಲಕ್ಕೆ ತನ್ನ ಪಕ್ಕದ ಸಸಿಯ ನೀರನ್ನು ಕುಡಿದಿರುತ್ತದೆ. ಕೊನೆಗೆ ಎರಡೂ ಗಿಡಗಳಲ್ಲಿ ಕಣಿಕೆಯುಂಟು, ತೆನೆಯಿಲ್ಲ ಎಂಬ ಸ್ಥಿತಿ ಬರುತ್ತದೆ. ಮೂರನೆಯ, ಐದನೆಯ, ಎಂಟನೆಯ ವಾರಗಳಲ್ಲಿ ಎಡೆ ಹೊಡೆಯುವುದರ ಅರ್ಥವೂ ಇದೇ. ಕಸ ಕುಡಿಯುವ ನೀರು ಉಳಿಯುತ್ತದೆ. ಎರೆಯ ಬಿರುಕು ಮುಚ್ಚಿ, ಬಿಸಿಲು ಎಳೆದೊಯ್ಯುವ ನೀರೂ ಉಳಿಯುತ್ತದೆ.

ಹೊಸ ಹನಿಯೊಂದನ್ನೂ ತಾರದೆ, ಬೇಡವಾದುದನ್ನು ತೆಗೆದುದರಿಂದಲೇ ಬೇಕಾದುದಕ್ಕೆ ನೀರು ದೊರೆಯಿತು. ಇದು ಒಣಬೇಸಾಯದ ಗುಟ್ಟು.

ದಾಳಿಂಬೆಗೆ ಒಂದೇ ಬಹಾರ

ದಾಳಿಂಬೆ ಈ ಪಾಠವನ್ನು ಇನ್ನೂ ಖಾರವಾಗಿ ಕಲಿಸುತ್ತದೆ. ಸೊಲ್ಲಾಪುರದ ಕೇಗಾಂವದಲ್ಲಿ 2005ರಲ್ಲಿ ರಾಷ್ಟ್ರೀಯ ದಾಳಿಂಬೆ ಸಂಶೋಧನ ಕೇಂದ್ರ ಸ್ಥಾಪನೆಯಾಗುವಷ್ಟು ಈ ಬೆಳೆ ನಮ್ಮಲ್ಲಿ ಹಬ್ಬಿದೆ. ನಮ್ಮ ಹವೆಯಲ್ಲಿ ಈ ಗಿಡವನ್ನು ಅದರ ಪಾಡಿಗೆ ಬಿಟ್ಟರೆ ವರ್ಷವಿಡೀ ಅಷ್ಟಿಷ್ಟು ಹೂ ಬಿಡುತ್ತಲೇ ಇರುತ್ತದೆ. ಒಂದು ಟೊಂಗೆಯಲ್ಲಿ ಮೊಗ್ಗು, ಒಂದರಲ್ಲಿ ಕಾಯಿ, ಒಂದರಲ್ಲಿ ಹಣ್ಣು. ನೋಡಲು ಸಮೃದ್ಧಿಯೇ ಸರಿ. ಆದರೆ ಒಂದು ಗಾಡಿ ತುಂಬುವಷ್ಟು ಸಮನಾದ ಹಣ್ಣು ಎಂದಿಗೂ ಕೂಡಿಬರುವುದಿಲ್ಲ. ಹಣ್ಣು ಕೊರೆಯುವ ಹುಳುವಿಗೆ ಹನ್ನೆರಡು ತಿಂಗಳೂ ಊಟ ಸಿಗುತ್ತದೆ. ನಾವು ತೇಲ್ಯಾ ಎಂದು ಕರೆಯುವ ದುಂಡಾಣು ಅಂಗಮಾರಿ ರೋಗ ಹಳೆಯ ಕಾಯಿಯಿಂದ ಹೊಸ ಕಾಯಿಗೆ ದಾಟುತ್ತ ತೋಟದಲ್ಲಿಯೇ ಮನೆಮಾಡುತ್ತದೆ. ಔಷಧ ಹೊಡೆಯುವ ಕೆಲಸಕ್ಕೂ ಅದರ ವೆಚ್ಚಕ್ಕೂ ಕೊನೆಯಿರುವುದಿಲ್ಲ.

ಇದಕ್ಕಾಗಿಯೇ ಬಹಾರ ಹಿಡಿಯುವ ಪದ್ಧತಿ. ಮಾವು ಹೂಬಿಡುವ ಕಾಲದ ಅಂಬೆ ಬಹಾರ, ಮೃಗಶಿರ ಮಳೆಯ ಕಾಲದ ಮೃಗ ಬಹಾರ, ಹಸ್ತ ನಕ್ಷತ್ರದ ಕಾಲದ ಹಸ್ತ ಬಹಾರ, ಹೀಗೆ ಮೂರು. ಮೂರರಲ್ಲಿ ಒಂದನ್ನು ಆರಿಸಿಕೊಂಡು ಎರಡನ್ನು ಬಿಡಬೇಕು. ಬಿಡುವುದೆಂದರೆ ಬಾಯಿಮಾತಿನಿಂದಲ್ಲ. ಹಗುರ ನೆಲದಲ್ಲಿ ನಾಲ್ಕೈದು ವಾರ, ಎರೆಯಲ್ಲಿ ಅದಕ್ಕೂ ಹೆಚ್ಚು ಕಾಲ ನೀರು ನಿಲ್ಲಿಸಬೇಕು. ಎಲೆ ಉದುರಿಸಬೇಕು. ಸೊರಗಿದ, ರೋಗ ಹತ್ತಿದ ಟೊಂಗೆಗಳನ್ನು ಕತ್ತರಿಸಬೇಕು. ಬುಡದಲ್ಲಿ ಏಳುವ ಚಿಗುರುಗಳನ್ನು ಕಿತ್ತೆಸೆದು ಮೂರು ನಾಲ್ಕು ಕಾಂಡಗಳನ್ನಷ್ಟೇ ಉಳಿಸಬೇಕು. ಆಮೇಲೆ ಗೊಬ್ಬರ ಕೊಟ್ಟು ಹಗುರಾಗಿ ನೀರು ಬಿಟ್ಟರೆ, ಗಿಡ ತನ್ನಲ್ಲಿ ಕೂಡಿಟ್ಟ ಶಕ್ತಿಯನ್ನೆಲ್ಲ ಒಮ್ಮೆಲೇ ಹೂವಾಗಿ ಹೊರತರುತ್ತದೆ.

ಯಾವ ಬಹಾರ ಒಳ್ಳೆಯದೆಂದು ಕೇಳುವವರಿಗೆ ನಮ್ಮ ಉತ್ತರ: ದೋಷವಿಲ್ಲದ ಬಹಾರ ಇಲ್ಲ. ಮೃಗ ಬಹಾರಕ್ಕೆ ನೀರಿನ ಚಿಂತೆ ಕಡಿಮೆ. ಆದರೆ ಕಾಯಿ ಬೆಳೆಯುವುದು ಮಳೆಗಾಲದಲ್ಲಿ, ತೇಲ್ಯಾದ ಕಾಟ ಆಗಲೇ ಹೆಚ್ಚು. ಅಂಬೆ ಬಹಾರದ ಕಾಯಿಗೆ ಬೇಸಿಗೆಯಲ್ಲಿ ತಪ್ಪದೆ ನೀರು ಬೇಕು. ಹಸ್ತ ಬಹಾರದ ಹಣ್ಣು ತಂಪು ಒಣಹವೆಯಲ್ಲಿ ಬೆಳೆಯುವುದರಿಂದ ರೋಗ ಕಡಿಮೆ. ಆದರೆ ನಮ್ಮಲ್ಲಿ ಸೆಪ್ಟೆಂಬರದಲ್ಲಿಯೇ ಮಳೆ ಜೋರಾಗಿರುವುದರಿಂದ ಗಿಡವನ್ನು ಬೇಕಾದಷ್ಟು ಬಾಡಿಸುವುದು ಕಷ್ಟ. ತನ್ನ ಬಾವಿಯನ್ನೂ ತನ್ನ ತೋಟದ ರೋಗವನ್ನೂ ನೋಡಿ ಪ್ರತಿಯೊಬ್ಬನೂ ಗೊತ್ತುಮಾಡಬೇಕಾದ ಸಂಗತಿಯಿದು. ಗೊತ್ತುಮಾಡಿದ ಮೇಲೆ ಮಾತ್ರ ನೆರೆಯವನ ಹಣ್ಣಿಗೆ ಬೇರೆ ತಿಂಗಳಲ್ಲಿ ಹೆಚ್ಚು ದರ ಬಂತೆಂದು ನಡುವೆ ಬದಲಾಯಿಸಬಾರದು. ಎರಡು ದೋಣಿಯಲ್ಲಿ ಕಾಲಿಟ್ಟವನ ಗತಿಯೇ ಎರಡು ಬಹಾರ ಹಿಡಿದವನದೂ ಆಗುತ್ತದೆ.

ಹೂ ಕಾಯಾದ ಮೇಲೂ ಬಿಡುವ ಕೆಲಸ ಮುಗಿಯುವುದಿಲ್ಲ. ಚೆನ್ನಾಗಿ ಬೆಳೆದ ಒಂದು ಗಿಡದ ಮೇಲೆ 60ರಿಂದ 80 ಹಣ್ಣು ಸಾಕು; ಎಳೆಯ ಗಿಡಕ್ಕೆ, ಬಡಕಲು ಗಿಡಕ್ಕೆ ಇನ್ನೂ ಕಡಿಮೆ. ಟೊಂಗೆಯ ತುದಿಯ ಕಾಯಿ, ಒಂದಕ್ಕೊಂದು ತಾಗಿದ ಜೋಡುಕಾಯಿ, ತಡವಾಗಿ ಕಟ್ಟಿದ ಕಾಯಿ ಇವನ್ನು ಮೊದಲು ತೆಗೆಯಬೇಕು. ತಾಗಿದ ಕಾಯಿಗಳ ನಡುವೆಯೇ ಹುಳು ಅಡಗಿಕೊಳ್ಳುತ್ತದೆ. ನೂರೈವತ್ತು ಕಾಯಿ ಹೊತ್ತ ಗಿಡ ಕಣ್ಣಿಗೆ ಹಬ್ಬ. ಆದರೆ ಪೇಟೆಯಲ್ಲಿ ದಲಾಲ ಎಣಿಸುವುದು ಹಣ್ಣಿನ ಸಂಖ್ಯೆಯನ್ನಲ್ಲ. ನೋಡುವುದು ಗಾತ್ರ, ಬಣ್ಣ, ತೂಕ. ಸಣ್ಣ ಹಣ್ಣಿನ ರಾಶಿ ಕೂಲಿ ಮತ್ತು ಬಾಡಿಗೆಗಳಲ್ಲಿ ಕರಗುತ್ತದೆ. ಗಿಡವೂ ದಣಿದು ಮುಂದಿನ ವರ್ಷ ಸರಿಯಾಗಿ ಫಲ ಕೊಡುವುದಿಲ್ಲ.

ನೀರಿನ ಲೆಕ್ಕ

ಇಷ್ಟು ಒಂದು ಗಿಡದ ಮಾತಾಯಿತು. ಇಡೀ ಮನೆಯ ಬೇಸಾಯಕ್ಕೂ ಇದೇ ನಿಯಮ. ಶಾಲೆಯ ಮಕ್ಕಳು ಮಾಡಬಹುದಾದ ಸಾದಾ ಲೆಕ್ಕವೊಂದನ್ನು ಇಲ್ಲಿ ಕೊಡುತ್ತೇವೆ. ಒಬ್ಬನ ಬಾವಿ ಬೇಸಿಗೆಯಲ್ಲಿ ದಿನಕ್ಕೆ 15,000 ಲೀಟರು ನೀರು ಕೊಡುತ್ತದೆಂದು ಹಿಡಿಯೋಣ. ಸಾಲಿನ ನಡುವೆ ನಾಲ್ಕೂವರೆ ಮೀಟರು, ಗಿಡದ ನಡುವೆ ಮೂರು ಮೀಟರು ಬಿಟ್ಟರೆ ಎಕರೆಗೆ 300 ದಾಳಿಂಬೆ ಗಿಡಗಳು. ಬೆಳೆದ ಗಿಡಕ್ಕೆ ಹನಿ ನೀರಾವರಿಯಲ್ಲಿ ಬೇಸಿಗೆಯ ದಿನ 40 ಲೀಟರು ಬೇಕೆಂದರೆ ಒಂದು ಎಕರೆಗೆ 12,000 ಲೀಟರು. ಮಿಕ್ಕ 3,000 ಲೀಟರು ಮನೆಗೆ, ದನಕ್ಕೆ, ಒಂದಿಷ್ಟು ಮೇವಿಗೆ. ಲೆಕ್ಕ ಸರಿಹೋಯಿತು.

ಅದೇ ಬಾವಿಯನ್ನು ನಂಬಿ ಆತನು ಮೂರು ಎಕರೆ ಹಚ್ಚಿದನೆನ್ನಿರಿ. ಬೇಕಾದುದು 36,000 ಲೀಟರು. ಇದ್ದುದೆಲ್ಲವನ್ನೂ ಹಂಚಿದರೂ ಗಿಡಕ್ಕೆ 17 ಲೀಟರು ಕೂಡ ಬರುವುದಿಲ್ಲ. ಹೂ ಉದುರುತ್ತದೆ; ನೀರು ಒಮ್ಮೆ ಹೆಚ್ಚು ಒಮ್ಮೆ ಕಡಿಮೆಯಾದಾಗ ಹಣ್ಣು ಸೀಳುತ್ತದೆ. ಆಗ ಹೊಸ ಬೋರು, ಅದು ಬತ್ತಿದರೆ ಇನ್ನೊಂದು ಬೋರು, ಅದೂ ಆಗದಿದ್ದರೆ ಟ್ಯಾಂಕರು. ಮನೆಯಾಕೆಯ ಬಂಗಾರ ಬ್ಯಾಂಕಿಗೆ ಹೋಗುವುದು ಇಂಥ ವರ್ಷಗಳಲ್ಲಿ. ಕಬ್ಬಿನ ಮಾತು ಹೇಳಲೇಬೇಕಾಗಿಲ್ಲ. ವರ್ಷಕ್ಕೆ 2000 ಮಿಲಿಮೀಟರಿನ ಆಸುಪಾಸು ನೀರು ಬೇಡುವ ಬೆಳೆಯನ್ನು 600 ಮಿಲಿಮೀಟರು ಮಳೆಯ ನಾಡಿನಲ್ಲಿ ಬಾವಿಯ ಭರವಸೆಯ ಮೇಲೆ ಬೆಳೆಯುವವನು ತನ್ನ ನೀರನ್ನಷ್ಟೇ ಅಲ್ಲ, ಪಕ್ಕದವನ ನೀರನ್ನೂ ಎತ್ತುತ್ತಾನೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಬಾವಿಯ ಕಟ್ಟೆಯ ಮೇಲೆ ಬರೆದಿಡತಕ್ಕದ್ದು.

ಮಡಕಶಿರದ ಕಡೆಯ ರೇಷ್ಮೆ ಒಕ್ಕಲಿಗರಿಗೆ ಇದು ಹೊಸ ಮಾತಲ್ಲ. ತೋಟದಲ್ಲಿ ಎಷ್ಟು ಹಿಪ್ಪುನೇರಳೆ ಸೊಪ್ಪು ಇದೆಯೋ ಅಷ್ಟಕ್ಕೆ ತಕ್ಕಷ್ಟೇ ಹುಳು ಮೇಯಿಸಬೇಕು. ಹೆಚ್ಚು ಮೊಟ್ಟೆ ತಂದು ಕೊನೆಯ ಜ್ವರದ ಹುಳುವಿಗೆ ಸೊಪ್ಪು ಸಾಲದೆ ಹೋದರೆ ಅರ್ಧ ಹುಳು ಉಳಿಯುವುದಿಲ್ಲ, ಉಳಿದುದರ ಗೂಡು ಕಟ್ಟುವುದಿಲ್ಲ. ಅವರು ಸೊಪ್ಪಿನ ಲೆಕ್ಕವನ್ನು ಹೇಗೆ ಇಡುತ್ತಾರೋ ಹಾಗೆ ನಾವು ನೀರಿನ ಲೆಕ್ಕವನ್ನು ಇಡಬೇಕು.

ಮನಸ್ಸಿನ ಕಸ

ಹೊಲದ ಕಸವನ್ನು ಎಡೆ ಹೊಡೆದು ತೆಗೆಯಬಹುದು. ಮನಸ್ಸಿನೊಳಗೆ ಹುಟ್ಟುವ ಕಸಕ್ಕೆ ಏನು ಮಾಡುವುದು? ಇಂದು ನಮ್ಮ ತರುಣ ರೈತರು ಬೆಳಗಾಗುತ್ತಲೇ ಕೈಗೆ ತೆಗೆದುಕೊಳ್ಳುವುದು ಬಾರುಕೋಲನ್ನಲ್ಲ, ಮೊಬೈಲನ್ನು. ಅದರಲ್ಲಿ ಒಬ್ಬನು ಎಕರೆಗೆ ಹತ್ತು ಲಕ್ಷ ಗಳಿಸಿದ ಚಿತ್ರ ಕಾಣುತ್ತದೆ. ಆ ನೆಲ ಎಂಥದು, ನೀರು ಎಷ್ಟು, ಆ ವರ್ಷದ ದರ ಮುಂದಿನ ವರ್ಷವೂ ನಿಂತಿತೇ, ಸಸಿ ಮಾರಿದವನು ಯಾರು ಎಂಬುದು ಕಾಣುವುದಿಲ್ಲ. ಸಂಜೆಗೆ ಇನ್ನೊಬ್ಬನ ಇನ್ನೊಂದು ಬೆಳೆ. ಇದರಿಂದ ತಿಳಿವಳಿಕೆ ಹೆಚ್ಚುವುದಿಲ್ಲ. ತನ್ನ ಹೊಲದಲ್ಲಿರುವ ಬೆಳೆಯ ಮೇಲೆ ಬೇಸರ ಹೆಚ್ಚುತ್ತದೆ. ಬೇಸರ ಹತ್ತಿದವನು ಗಿಡದ ಎಲೆಯನ್ನು ತಿರುವಿ ನೋಡುವುದಿಲ್ಲ. ನೋಡದ ಎಲೆಯ ಹಿಂದೆಯೇ ರೋಗ ಶುರುವಾಗುತ್ತದೆ.

ತಾಳವಾಡಿಯ ಬಂಧುಗಳಿಗೆ ನೆನಪಿರಬಹುದು. ಅವರದೇ ಈರೋಡು ಜಿಲ್ಲೆಯಲ್ಲಿ 2012ರಲ್ಲಿ ಎಮು ಹಕ್ಕಿ ಸಾಕಣೆಯ ಹೂಡಿಕೆ ಯೋಜನೆಗಳು ಕುಸಿದುಬಿದ್ದವು. ಹಕ್ಕಿ ಕೊಟ್ಟು, ತಿಂಗಳ ಹಣದ ಆಸೆ ತೋರಿಸಿದ ಮಾತನ್ನು ನಂಬಿ ಹಣ ತೊಡಗಿಸಿದವರು ಬಹಳ ಜನ. ಹಕ್ಕಿಯಲ್ಲಿ ದೋಷವಿರಲಿಲ್ಲ, ಅದರ ಮಾಂಸ, ಮೊಟ್ಟೆ, ಎಣ್ಣೆಗಳನ್ನು ಕೊಳ್ಳುವ ಪೇಟೆ ಇದೆಯೇ ಎಂದು ಕೇಳುವ ಮೊದಲೇ ಜನ ಮುಂದೆ ನಡೆದರು.

ಗಡಿಯಾಚೆಯ ನಮಗೆ ಇನ್ನೂ ಒಂದು ತೊಡಕುಂಟು. ಸರಕಾರದ ಕಾಗದ ಇಲ್ಲಿ ಮರಾಠಿಯಲ್ಲಿ, ಆ ಕಡೆ ತೆಲುಗಿನಲ್ಲಿ, ಇನ್ನೊಂದೆಡೆ ತಮಿಳಿನಲ್ಲಿ ಬರುತ್ತದೆ. ಓದಿ ತಿಳಿಯುವುದು ಕಷ್ಟವೆಂದು “ಸಹಾಯಧನ ಐತಿ, ಸಹಿ ಹಾಕ್ರಿ” ಎಂದವನ ಮಾತಿಗೆ ಒಪ್ಪುವವರು ಇದ್ದಾರೆ. ಸಹಾಯಧನ ಸಾಮಾನ್ಯವಾಗಿ ವೆಚ್ಚದ ಒಂದು ಪಾಲು ಮಾತ್ರ. ಮಿಕ್ಕ ಪಾಲು ನಮ್ಮ ಮೈಮೇಲಿನ ಸಾಲ. ಬೇಡವಾದ ವಸ್ತು ಅರ್ಧ ಬೆಲೆಗೆ ಸಿಕ್ಕರೂ ಅದು ದುಬಾರಿಯೇ. ಊರಿನ ಓದಿದ ಹುಡುಗರಿಂದಾಗಲಿ ಶಾಲೆಯ ಶಿಕ್ಷಕರಿಂದಾಗಲಿ ಕಾಗದವನ್ನು ಪೂರ್ತಿ ಓದಿಸಿ ಕೇಳಿದ ಹೊರತು ಸಹಿ ಹಾಕಬಾರದು.

ಶಿಕ್ಷಕರ ತರಬೇತಿಯಲ್ಲಿ ನಮಗೆ ಮೊದಲು ಕಲಿಸಿದ ಮಾತೆಂದರೆ ಒಂದು ತಾಸಿನ ಪಾಠಕ್ಕೆ ಉದ್ದೇಶ ಒಂದೇ ಇರಬೇಕೆಂಬುದು. ಭಾಗಾಕಾರ ಕಲಿಸುವ ದಿನ ಅಕ್ಷರ ದುಂಡಗಿಲ್ಲವೆಂದು ಗದರಿಸುತ್ತ ಕುಳಿತರೆ ಮಗುವಿಗೆ ಭಾಗಾಕಾರವೂ ಬರುವುದಿಲ್ಲ, ಅಕ್ಷರವೂ ತಿದ್ದುವುದಿಲ್ಲ. ಹೊಸ ಪಾಠಕ್ಕೆ ಮೊದಲು ಹಲಗೆ ಒರೆಸಬೇಕು. ಹಳೆಯದರ ಮೇಲೆ ಹೊಸದನ್ನು ಬರೆದರೆ ಹಲಗೆಯಲ್ಲಿ ಬರಹವೇನೋ ತುಂಬಿರುತ್ತದೆ, ಓದಲು ಮಾತ್ರ ಬರುವುದಿಲ್ಲ. ನಮ್ಮಲ್ಲಿ ಎಷ್ಟೋ ಮನೆಗಳ ಬೇಸಾಯ ಹಾಗೆ ಒರೆಸದ ಹಲಗೆಯಾಗಿದೆ.

ಒಂದು ಆಕ್ಷೇಪ

“ಹಾಗಾದರೆ ಒಂದೇ ಬೆಳೆ ನಂಬಿ ಕೂಡ್ರಬೇಕೇ? ಅದು ಕೈಕೊಟ್ಟರೆ ಗತಿಯೇನು?” ಎಂದು ಹಿರಿಯರು ಕೇಳಬಹುದು. ಕೇಳತಕ್ಕ ಮಾತೇ. 1972ರ ಬರವನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಭಯ ಸುಳ್ಳಲ್ಲ. ಆದರೆ ಅಕ್ಕಡಿ ಬೇಸಾಯ ಮತ್ತು ಕೈಗೆ ಸಿಕ್ಕಿದ್ದನ್ನೆಲ್ಲ ಹಾಕುವ ಬೇಸಾಯ ಒಂದೇ ಅಲ್ಲ. ಜೋಳದ ನಡುವೆ ಕುಸುಬಿ ಹಾಕಿದ ನಮ್ಮ ಅಜ್ಜಂದಿರಿಗೆ ಕುಸುಬಿಯ ಬೇರು ಜೋಳದ ಬೇರಿಗಿಂತ ಆಳಕ್ಕೆ ಇಳಿಯುತ್ತದೆಂಬುದು ಗೊತ್ತಿತ್ತು. ಮುಳ್ಳಿನಿಂದ ದನದ ಕಾವಲೂ ಆಗುತ್ತಿತ್ತು. ಎಷ್ಟು ಸಾಲಿಗೆ ಎಷ್ಟು ಸಾಲೆಂಬುದು ತಲೆಮಾರುಗಳ ಅನುಭವದಿಂದ ಗೊತ್ತಾಗಿತ್ತು. ಅವರೂ ನೂರು ಬೆಳೆಗಳಲ್ಲಿ ತೊಂಬತ್ತೇಳನ್ನು ಬಿಟ್ಟು ಮೂರನ್ನು ಉಳಿಸಿಕೊಂಡವರು. ಆದುದರಿಂದ ಹೊಟ್ಟೆಗೆ ಜೋಳ, ದನಕ್ಕೆ ಕಣಿಕೆ, ಕೈಗೆ ಹಣ ತರುವ ಒಂದು ಬೆಳೆ, ಕಷ್ಟಕಾಲಕ್ಕೆ ಒಂದೆರಡು ಎಮ್ಮೆಯೋ ನಾಲ್ಕು ಆಡೋ ಇಷ್ಟನ್ನು ನಾವು ಚದುರಿದ ಬೇಸಾಯವೆನ್ನುವುದಿಲ್ಲ. ಇದಕ್ಕೆ ಹೊರತಾಗಿ ಐದನೆಯದೊಂದು ಬಂದಾಗ, ಅದಕ್ಕಾಗಿ ಈ ನಾಲ್ಕರಲ್ಲಿ ಯಾವುದನ್ನು ಬಿಡುತ್ತೇವೆ ಎಂದು ಕೇಳಿಕೊಂಡರೆ ಸಾಕು. ಉತ್ತರ ಹೊಳೆಯದಿದ್ದರೆ ಐದನೆಯದನ್ನೇ ಬಿಡುವುದು.

ಹೊಸದನ್ನು ಪರೀಕ್ಷಿಸಬಾರದೆಂದೂ ನಾವು ಹೇಳುವುದಿಲ್ಲ. ನಾಲ್ಕು ಗುಂಟೆಯಲ್ಲಿ ಪರೀಕ್ಷಿಸಬಹುದು. ಎರಡು ವರ್ಷ ನೋಡಬಹುದು. ನಾಲ್ಕು ಗುಂಟೆಯ ಸೋಲನ್ನು ಮನೆ ತಡೆದುಕೊಳ್ಳುತ್ತದೆ, ನಾಲ್ಕು ಎಕರೆಯ ಸೋಲನ್ನು ತಡೆಯಲಾರದು.

ಕೊನೆಗೆ ನಮ್ಮ ಒಕ್ಕಲು ಬಾಂಧವರಲ್ಲಿಯೂ ತಾಯಂದಿರಲ್ಲಿಯೂ ಒಂದು ವಿನಂತಿ. ಹಿಂಗಾರಿ ಬಿತ್ತಿಗೆಗೆ ಮೊದಲು ಒಂದು ಸಂಜೆ ಮನೆಯವರೆಲ್ಲ ಕೂಡಿ ಕುಳಿತುಕೊಳ್ಳಿರಿ. ಓದುವ ಮಗುವಿನ ಕೈಗೆ ಹಾಳೆ ಕೊಡಿರಿ. ಮೇಲ್ಗಡೆ ಮೂರು ಅಂಕಿ ಬರೆಯಿಸಿರಿ: ಮಾರ್ಚಿಯಲ್ಲಿ ಬಾವಿ ದಿನಕ್ಕೆ ಎಷ್ಟು ನೀರು ಕೊಡುತ್ತದೆ, ಮನೆಯಲ್ಲಿ ದುಡಿಯುವ ಕೈ ಎಷ್ಟು, ತೀರಿಸಬೇಕಾದ ಸಾಲ ಎಷ್ಟು. ಕೆಳಗೆ, ಮಾಡಬೇಕೆಂದು ಮನಸ್ಸಿನಲ್ಲಿರುವ ಎಲ್ಲ ಕೆಲಸಗಳನ್ನೂ ಬರೆಯಿಸಿರಿ. ಆಮೇಲೆ ಆ ಮೂರು ಅಂಕಿಗಳಿಗೆ ಹೊಂದದ ಒಂದೊಂದನ್ನು ಹೊಡೆದುಹಾಕುತ್ತ ಬನ್ನಿರಿ. ಹೊಡೆದುಹಾಕುವಾಗ ಮನಸ್ಸಿಗೆ ನೋವಾಗುತ್ತದೆ, ಹಸಿರು ಸಸಿ ಕೀಳುವಾಗ ಆಗುವಂತೆ. ಆದರೂ ಕೈ ತಡೆಯಬೇಡಿರಿ. ಉಳಿದ ಎರಡು ಮೂರು ಸಾಲುಗಳನ್ನು ಗೋಡೆಗೆ ಅಂಟಿಸಿ, ಸುಗ್ಗಿಯವರೆಗೆ ಬೇರೆ ಮಾತಿಗೆ ಕಿವಿಗೊಡದೆ ನಡೆಯಿರಿ. ಹೊಡೆದುಹಾಕಿದ ಸಾಲುಗಳನ್ನು ಮುಂದಿನ ವರ್ಷ ಮತ್ತೆ ನೋಡಲು ಬರುತ್ತದೆ. ಈ ವರ್ಷ ವ್ಯರ್ಥವಾದ ನೀರು ಮಾತ್ರ ಮರಳಿ ಬಾವಿಗೆ ಬರುವುದಿಲ್ಲ.